ನಾಯಿ ಬೇಡ ಎನ್ನುವ ಮನೆಯಲ್ಲಿ ನಾಯಿಯ ಕೆಲಸ ಯಾರದು?

ನಮ್ಮ ಮನೆಗಳಲ್ಲಿ ಶುಗರಿನ ಮಾತು ಬರದ ದಿನ ಇಲ್ಲ. ಮದುವೆಗೆ ಹೋದರೆ ಬಡಿಸುವವರ ಹತ್ತಿರ ‘ನಂಗೆ ಶುಗರ್ ಉಂಟು, ಸ್ವಲ್ಪ ಸಾಕು’ ಅನ್ನುತ್ತೇವೆ. ಗಲ್ಫಿನಿಂದ ಫೋನ್ ಮಾಡಿದ ಮಗ ಸಲಾಂ ಹೇಳಿ ಮುಗಿಸುವಷ್ಟರಲ್ಲಿ ‘ಉಮ್ಮಾ, ಶುಗರ್ ಎಷ್ಟುಂಟು?’ ಎಂದು ಕೇಳುತ್ತಾನೆ. ಆದರೆ ಈ ಮಾತೆಲ್ಲ ಒಂದೇ ಕಡೆಯದ್ದು. ಶುಗರ್ ಏರಿತಾ, ಮುನ್ನೂರು ದಾಟಿತಾ, ಕಾಲಿಗೆ ಗಾಯ ಆಯಿತಾ, ಕಣ್ಣಿಗೆ ಬಂತಾ ಎಂದು ಕೇಳುತ್ತೇವೆ. ಶುಗರ್ ಇಳಿದರೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ‘ಇಳಿದರೆ ಒಳ್ಳೇದೇ ಅಲ್ವಾ?’ ಎಂದು ನಂಬಿದವರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಏರಿದ ಶುಗರ್ ಸಾಮಾನ್ಯವಾಗಿ ವರ್ಷಗಟ್ಟಲೆ ತಿಂದು ಹಾಳು ಮಾಡುತ್ತದೆ. ಇಳಿದ ಶುಗರ್ ಒಂದೇ ರಾತ್ರಿಯಲ್ಲಿ ಕೊಂಡುಹೋಗಬಹುದು. ಅದಕ್ಕಾಗಿಯೇ ಬ್ರಿಟನ್, ಅಮೆರಿಕದಂಥ ದೇಶಗಳಲ್ಲಿ ಕೆಲವರ ಮಂಚದ ಪಕ್ಕ ಒಂದು ನಾಯಿ ಮಲಗುತ್ತದೆ. ಯಜಮಾನನ ಶುಗರ್ ಇಳಿಯುವುದನ್ನು ವಾಸನೆಯಿಂದ ತಿಳಿದು, ಅವನನ್ನು ಎಬ್ಬಿಸಲು ತರಬೇತಿ ಪಡೆದ ನಾಯಿ ಅದು.

ಈ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಬಂದರೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ‘ಅಸ್ತಗ್ಫಿರುಲ್ಲಾ, ಮಂಚದ ಹತ್ತಿರ ನಾಯಿಯಾ?’ ಎಂದು ಒಬ್ಬರು, ‘ಬಿಳಿಯರಿಗೆ ಬೇರೆ ಕೆಲಸ ಇಲ್ಲ’ ಎಂದು ಇನ್ನೊಬ್ಬರು. ನಕ್ಕು ಮುಂದೆ ಹೋಗುತ್ತೇವೆ. ಆ ನಾಯಿ ಮಾಡುವ ಕೆಲಸ ನಮ್ಮ ಮನೆಯಲ್ಲಿ ಯಾರೂ ಮಾಡದೆ ಬಿದ್ದಿರುವ ಕೆಲಸ ಎಂಬುದು ಆ ನಗುವಿನಲ್ಲಿ ಮರೆತೇ ಹೋಗುತ್ತದೆ.

ಲೋ ಆಗುವುದು ಎಂದರೆ

ಮೊದಲು ಕಾಯಿಲೆಯ ವಿಷಯ ನೋಡುವ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಡಾಕ್ಟರುಗಳು ಅದನ್ನು ‘ಹೈಪೊ’ ಎನ್ನುತ್ತಾರೆ, ನಾವು ‘ಲೋ ಆಯ್ತು’ ಅನ್ನುತ್ತೇವೆ. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಮೆದುಳಿಗೆ ಮುಖ್ಯ ಆಹಾರವೇ ಸಕ್ಕರೆ. ಅದು ಸಾಲದೆ ಹೋದಾಗ ಕೈ ನಡುಗುತ್ತದೆ, ತಣ್ಣಗಿನ ಬೆವರು ಬರುತ್ತದೆ, ಎದೆ ಡವಡವ ಹೊಡೆಯುತ್ತದೆ, ಹಸಿವಾಗುತ್ತದೆ. ಆಮೇಲೆ ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ, ಎದುರಿಗಿದ್ದವರ ಗುರುತು ತಪ್ಪುತ್ತದೆ. ಕೊನೆಗೆ ಎಚ್ಚರ ತಪ್ಪುತ್ತದೆ, ಅಪಸ್ಮಾರದ ಹಾಗೆ ಸೆಳೆತವೂ ಬರಬಹುದು.

ಇದು ಎಲ್ಲ ಶುಗರಿನವರಿಗೂ ಒಂದೇ ರೀತಿ ಬರುವುದಿಲ್ಲ. ಹೆಚ್ಚು ಅಪಾಯ ಇರುವುದು ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಮತ್ತೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ ಮಾತ್ರೆ ನುಂಗುವವರಿಗೆ. ಮಾತ್ರೆ ನುಂಗಿ ಊಟ ತಡವಾದರೆ, ಇನ್ಸುಲಿನ್ ಚುಚ್ಚಿಕೊಂಡು ಮದುವೆ ಮನೆಯಲ್ಲಿ ಎರಡು ಗಂಟೆ ಕಾದು ಕೂತರೆ, ದಿನಕ್ಕಿಂತ ಹೆಚ್ಚು ನಡೆದರೆ ಲೋ ಆಗಬಹುದು. ಕಿಡ್ನಿ ದುರ್ಬಲ ಆದ ಹಿರಿಯರಲ್ಲಿ ಮಾತ್ರೆಯ ಪ್ರಭಾವ ಹೆಚ್ಚು ಹೊತ್ತು ನಿಲ್ಲುತ್ತದೆ, ಅವರಲ್ಲಿ ಅಪಾಯ ಇನ್ನೂ ಜಾಸ್ತಿ.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. ತುಂಬಾ ವರ್ಷ ಶುಗರ್ ಇದ್ದು, ಆಗಾಗ ಲೋ ಆಗುತ್ತಾ ಬಂದವರಿಗೆ ಆ ನಡುಕ, ಬೆವರು ಬರುವುದೇ ನಿಂತುಹೋಗುತ್ತದೆ. ದೇಹ ಎಚ್ಚರಿಕೆ ಕೊಡುವುದನ್ನು ಬಿಟ್ಟುಬಿಡುತ್ತದೆ. ಬಿಪಿಗೆ, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳೂ ನಡುಕವನ್ನು ಅಡಗಿಸುತ್ತವೆ. ಅಂಥವರು ನೇರವಾಗಿ ಗೊಂದಲಕ್ಕೆ, ಅಲ್ಲಿಂದ ಎಚ್ಚರ ತಪ್ಪುವ ಹಂತಕ್ಕೆ ಜಾರುತ್ತಾರೆ. ನಿದ್ದೆಯಲ್ಲಿ ಇರುವವರ ಕಥೆಯೂ ಇದೇ. ಇಂಥವರಿಗೆ ಹೊರಗಿನಿಂದ ಯಾರಾದರೂ ಹೇಳಬೇಕು. ನಾಯಿಯ ಕೆಲಸ ಶುರುವಾಗುವುದು ಇಲ್ಲಿ.

ನಾಯಿಗೆ ಕಲಿಸುವುದು ಹೇಗೆ?

ಈ ವಿಷಯವನ್ನು ಮೊದಲು ಗಮನಿಸಿದವರು ವಿಜ್ಞಾನಿಗಳಲ್ಲ, ನಾಯಿ ಸಾಕಿದ ಶುಗರಿನವರೇ. 1992ರಲ್ಲಿ ಬ್ರಿಟನ್ನಿನಲ್ಲಿ ಟೈಪ್ 1 ಶುಗರಿನವರನ್ನು ವಿಚಾರಿಸಿದಾಗ, ಅವರ ಮನೆಯ ನಾಯಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಾಯಿಗಳು ಯಜಮಾನರಿಗೆ ಲೋ ಆದಾಗ ವಿಚಿತ್ರವಾಗಿ ಆಡುತ್ತವೆ ಎಂದು ಗೊತ್ತಾಯಿತು. 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಮೂರು ಹೆಂಗಸರ ಮತ್ತು ಅವರ ಮೂರು ನಾಯಿಗಳ ವಿವರ ಪ್ರಕಟಿಸಿತು. ಒಂದು ನಾಯಿ ಎದ್ದು ಓಡಿ ಕುರ್ಚಿಯಡಿ ಅಡಗುತ್ತಿತ್ತು, ಯಜಮಾನಿ ಏನಾದರೂ ತಿಂದ ಮೇಲೆಯೇ ಹೊರಗೆ ಬರುತ್ತಿತ್ತು. ಇನ್ನೊಂದು ರಾತ್ರಿ ಮೂಗಿನಿಂದ ತಿವಿದು ಎಬ್ಬಿಸುತ್ತಿತ್ತು. ಈ ನಾಯಿಗಳಿಗೆ ಯಾರೂ ಕಲಿಸಿರಲಿಲ್ಲ.

ಕಲಿಸಿದರೆ ಹೇಗೆ ಎಂದು ಹೊರಟವರಲ್ಲಿ ಅಮೆರಿಕದ ಮಾರ್ಕ್ ರೂಫೆನಾಕ್ಟ್ ಮೊದಲಿಗರು. ಅವರಿಗೇ ಟೈಪ್ 1 ಶುಗರ್. ಕುರುಡರಿಗೆ ದಾರಿ ತೋರಿಸುವ ನಾಯಿಮರಿಗಳನ್ನು ಸಾಕುವ ಸೇವೆ ಮಾಡುತ್ತಿದ್ದರು. ಒಮ್ಮೆ ರಾತ್ರಿ ಅವರಿಗೆ ಲೋ ಆದಾಗ ಜೊತೆಗಿದ್ದ ಮರಿ ಬಿಡದೆ ಎಬ್ಬಿಸಿತು. ಅಲ್ಲಿಂದ ಮುಂದೆ ಅವರು ‘ಆರ್ಮ್‌ಸ್ಟ್ರಾಂಗ್’ ಎಂಬ ಲ್ಯಾಬ್ರಡಾರ್ ನಾಯಿಗೆ ಈ ವಾಸನೆ ಕಲಿಸಿದರು. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಡಾಗ್ಸ್ ಫಾರ್ ಡಯಾಬಿಟಿಕ್ಸ್’ ಸಂಸ್ಥೆ ಕಟ್ಟಿದರು. ಬ್ರಿಟನ್ನಿನಲ್ಲಿ ಡಾ. ಕ್ಲೇರ್ ಗೆಸ್ಟ್ ಮತ್ತು ಮೂಳೆ ಶಸ್ತ್ರಚಿಕಿತ್ಸಕ ಡಾ. ಜಾನ್ ಚರ್ಚ್ 2008ರಲ್ಲಿ ‘ಮೆಡಿಕಲ್ ಡಿಟೆಕ್ಷನ್ ಡಾಗ್ಸ್’ ಎಂಬ ಸೇವಾಸಂಸ್ಥೆ ಆರಂಭಿಸಿದರು. ಅದು ನಡೆಯುವುದು ಜನರ ದಾನದಿಂದ.

ಪಾಠದ ಕ್ರಮ ಸರಳ, ತಾಳ್ಮೆ ಮಾತ್ರ ಬಹಳ ಬೇಕು. ಶುಗರ್ ಲೋ ಆದ ಹೊತ್ತಿನಲ್ಲಿ ಆ ವ್ಯಕ್ತಿಯ ಬೆವರನ್ನು ಹತ್ತಿ ಅಥವಾ ಗಾಜ್ ಬಟ್ಟೆಗೆ ಒರೆಸಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಇಡುತ್ತಾರೆ. ಶುಗರ್ ಸರಿ ಇರುವಾಗಿನ ಬೆವರನ್ನೂ ಹೀಗೆಯೇ ಬೇರೆ ಇಡುತ್ತಾರೆ. ನಾಯಿಗೆ ಎರಡನ್ನೂ ಮೂಸಲು ಕೊಟ್ಟು, ಲೋ ಆದಾಗಿನದನ್ನು ಗುರುತಿಸಿದರೆ ಮಾತ್ರ ತಿಂಡಿ. ನೂರಾರು ಸಲ ಹೀಗೆ ಮಾಡಿದ ಮೇಲೆ ಆ ವಾಸನೆ ಬಂದರೆ ಏನೋ ಮಾಡಬೇಕು ಎಂದು ನಾಯಿಗೆ ಮನವರಿಕೆಯಾಗುತ್ತದೆ. ಆಮೇಲೆ ಎಚ್ಚರಿಸುವ ಕ್ರಮ: ಕಾಲಿನಿಂದ ತಟ್ಟುವುದು, ಮೂಗಿನಿಂದ ದೂಡುವುದು, ಶುಗರ್ ನೋಡುವ ಕಿಟ್ ಕಚ್ಚಿ ತರುವುದು, ಗಂಟೆಯ ಗುಂಡಿ ಒತ್ತಿ ಮನೆಯವರನ್ನು ಕರೆಯುವುದು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಗದ್ದಲದಲ್ಲಿಯೂ ಸುಮ್ಮನಿರಲು ಕಲಿಸಬೇಕು. ಎಲ್ಲ ಸೇರಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಮೂಸುವ ಶಕ್ತಿ ಇದ್ದರೂ ಮನುಷ್ಯನ ಮೇಲೆ ಸದಾ ಗಮನ ಇಡುವ ಸ್ವಭಾವ ಇಲ್ಲದಿದ್ದರೆ ಆ ನಾಯಿ ಈ ಕೆಲಸಕ್ಕೆ ಆಗುವುದಿಲ್ಲ.

ಅವು ಮೂಸುವುದು ಏನನ್ನು? 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಟೈಪ್ 1 ಶುಗರ್ ಇರುವ ಎಂಟು ಮಹಿಳೆಯರ ಶುಗರನ್ನು ನಿಗಾದಲ್ಲಿ ನಿಧಾನವಾಗಿ ಇಳಿಸಿ ಅವರ ಉಸಿರನ್ನು ಪರೀಕ್ಷಿಸಿದರು. ‘ಐಸೋಪ್ರೀನ್’ ಎಂಬ ಅನಿಲ ಉಸಿರಿನಲ್ಲಿ ಸ್ಪಷ್ಟವಾಗಿ ಏರಿತು, ಕೆಲವರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ನಮಗೆ ಆ ವಾಸನೆ ಗೊತ್ತಾಗುವುದಿಲ್ಲ. ನಾಯಿಗಳು ಹಿಡಿಯುವುದು ಇದನ್ನೇ ಇರಬೇಕು ಎಂದು ಆ ಸಂಶೋಧಕರ ಊಹೆ. ಅಂದರೆ ಇದರಲ್ಲಿ ಪವಾಡ ಏನೂ ಇಲ್ಲ. ದೇಹ ಒಂದು ಸುಳಿವು ಕೊಡುತ್ತದೆ, ಅದನ್ನು ಓದಲು ನಮಗೆ ಬರುವುದಿಲ್ಲ, ಅದಕ್ಕೆ ಬರುತ್ತದೆ.

ಎಷ್ಟು ನಂಬಬಹುದು?

ನಾಯಿಯನ್ನು ಹೊಗಳುವ ಭರದಲ್ಲಿ ಸುಳ್ಳು ಹೇಳಬಾರದು. 2019ರಲ್ಲಿ ಬ್ರಿಟನ್ನಿನ 27 ನಾಯಿಗಳ ದಾಖಲೆ ನೋಡಿದ ಅಧ್ಯಯನ ಒಂದು ಪ್ರಕಟವಾಯಿತು. ನಡುವಿನ ಮಟ್ಟದ ನಾಯಿ ನೂರು ಸಲ ಲೋ ಆದರೆ 83 ಸಲ ಎಚ್ಚರಿಸಿತ್ತು. ಆದರೆ ನಾಯಿಯಿಂದ ನಾಯಿಗೆ ವ್ಯತ್ಯಾಸ ಬಹಳ ಇತ್ತು. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದಲ್ಲಿ ಎಂಟು ಮಂದಿಯ ಮೇಲೆ ಒಂದು ಚಿಕ್ಕ ಪರೀಕ್ಷೆ ನಡೆದಿತ್ತು. ಅವರ ಮೈಗೆ ಶುಗರ್ ಅಳೆಯುವ ಸೆನ್ಸರ್ ಅಂಟಿಸಿ, ಅದರ ಅಂಕಿ ಅವರಿಗೆ ಕಾಣದಂತೆ ಇಟ್ಟು ನೋಡಿದಾಗ, ನಾಯಿಗಳು ಹಿಡಿದದ್ದು ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಾತ್ರ. ಸುಳ್ಳು ಎಚ್ಚರಿಕೆಗಳು ಧಾರಾಳ. ಹೆಚ್ಚಿನ ಸಲ ಯಂತ್ರವೇ ನಾಯಿಗಿಂತ ಮೊದಲು ತಿಳಿಸುತ್ತಿತ್ತು.

ಮೋಸವೂ ನಡೆದಿದೆ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಒಂದು ಕಂಪೆನಿ ಶುಗರ್ ಹಿಡಿಯುವ ನಾಯಿ ಎಂದು ಹೇಳಿ 27 ಸಾವಿರ ಡಾಲರ್‌ವರೆಗೆ ತೆಗೆದುಕೊಂಡು ಮಾರುತ್ತಿತ್ತು. ಕೊಟ್ಟದ್ದು ತರಬೇತಿ ಇಲ್ಲದ ಮರಿಗಳು ಎಂದು 2018ರಲ್ಲಿ ರಾಜ್ಯ ಸರಕಾರವೇ ಕೋರ್ಟಿಗೆ ಹೋಯಿತು. ಸಾಲ ಮಾಡಿ, ಚಂದಾ ಎತ್ತಿ ಹಣ ಕಟ್ಟಿದ ತಂದೆತಾಯಿಗಳು ತಮ್ಮ ಮಗುವಿಗೆ ಕಾವಲು ಸಿಕ್ಕಿತು ಎಂದು ನಂಬಿದ್ದರು. ರೋಗಿಯ ಹೆದರಿಕೆ ಇರುವಲ್ಲಿ ವ್ಯಾಪಾರಿ ಇದ್ದೇ ಇರುತ್ತಾನೆ. ಶುಗರ್ ಗುಣ ಮಾಡುವ ಬೇರು, ಪುಡಿ, ಕಷಾಯ ಮಾರುವವರು ನಮ್ಮ ಊರಲ್ಲಿಯೂ ಇಲ್ಲವಾ? ಅವರ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿ ಐಸಿಯು ಸೇರಿದವರನ್ನು ನಾವು ಕಂಡಿಲ್ಲವಾ?

ಈಗ ಯಂತ್ರ ಉಂಟು. ತೋಳಿಗೆ ಅಂಟಿಸುವ ನಾಣ್ಯದಷ್ಟು ದೊಡ್ಡ ಸೆನ್ಸರ್ ಎರಡು ವಾರ ಬರುತ್ತದೆ, ಫೋನಿನಲ್ಲಿ ಶುಗರ್ ತೋರಿಸುತ್ತದೆ, ಇಳಿದರೆ ಕೂಗುತ್ತದೆ. ಆದರೆ ಒಂದೊಂದು ಸೆನ್ಸರ್‌ಗೂ ಕೆಲವು ಸಾವಿರ ರೂಪಾಯಿ. ತಿಂಗಳಿಗೆ ಎರಡು ಬೇಕು. ದಿನಗೂಲಿಯ ಮನೆಗೆ, ಬೀಡಿ ಕಟ್ಟುವ ಮನೆಗೆ ಅದು ದೂರದ ಮಾತು. ಹಾಗಾಗಿ ನಾಯಿಯೂ ಇಲ್ಲ, ಸೆನ್ಸರೂ ಇಲ್ಲ ಎಂಬ ಮನೆಗಳೇ ನಮ್ಮಲ್ಲಿ ಹೆಚ್ಚು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10 ಕೋಟಿಗೂ ಮೇಲೆ. ಅವರಲ್ಲಿ ಬಹುಪಾಲು ಜನರನ್ನು ರಾತ್ರಿ ಕಾಯುವುದು ಮನೆಯವರ ಕಣ್ಣು ಮಾತ್ರ.

ನಜಸಿನ ಪ್ರಶ್ನೆ

ಇನ್ನು ನಾಯಿಯ ವಿಷಯಕ್ಕೆ ಬರುವ. ನಾವು ಶಾಫಿಈ ಮದ್‌ಹಬಿನವರು. ನಾಯಿಯ ಒದ್ದೆ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲೆಸಿದ ನೀರಿನಿಂದ ಎಂದು ಮದ್ರಸದಲ್ಲಿ ಸಣ್ಣವರಿರುವಾಗಲೇ ಕಲಿತಿದ್ದೇವೆ. ಆ ವಿಧಿಯನ್ನು ಸಡಿಲಿಸಿ ಎಂದು ನಾವು ಹೇಳುವುದಿಲ್ಲ. ಅದು ಉಲಮಾಗಳ ಕೆಲಸ. ಆದರೆ ನಜಸಿನ ವಿಧಿ ಒಂದು, ನಾಯಿಯನ್ನು ಕಂಡರೆ ಕಲ್ಲು ಹೊಡೆಯುವುದು ಇನ್ನೊಂದು. ಎರಡನ್ನೂ ನಾವು ಒಂದೇ ಮಾಡಿಕೊಂಡಿದ್ದೇವೆ.

ಗುಹೆಯಲ್ಲಿ ಮಲಗಿದ್ದ ಯುವಕರ ಜೊತೆ ಅವರ ನಾಯಿಯೂ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿತ್ತು ಎಂಬುದು ಪ್ರತಿ ಶುಕ್ರವಾರ ಕಹ್ಫ್ ಓದುವ ನಮಗೆ ಗೊತ್ತು. ತರಬೇತಿ ಕೊಟ್ಟ ಬೇಟೆನಾಯಿ ಹಿಡಿದು ತಂದದ್ದನ್ನು ತಿನ್ನಲು ಅನುಮತಿ ಇರುವುದು ಸೂರಾ ಮಾಇದಾದಲ್ಲಿ ಉಂಟು. ನಾಯಿಗೆ ಕಲಿಸುವ ವಿದ್ಯೆಯೂ ಅಲ್ಲಾಹನು ಮನುಷ್ಯನಿಗೆ ಕಲಿಸಿದ್ದರಿಂದಲೇ ಬಂದದ್ದು ಎಂಬ ಅರ್ಥವೂ ಅಲ್ಲಿಯೇ ಬರುತ್ತದೆ. ಬಾಯಾರಿದ ನಾಯಿಗೆ ನೀರು ಕೊಟ್ಟವರ ಪಾಪ ಮನ್ನಾ ಆದ ಹದೀಸನ್ನು ಉಸ್ತಾದರು ವಅಳ್‌ನಲ್ಲಿ ಹೇಳದ ವರ್ಷ ಇಲ್ಲ. ಬೇಟೆಗೆ, ಜಾನುವಾರು ಕಾಯಲಿಕ್ಕೆ, ಬೆಳೆ ಕಾಯಲಿಕ್ಕೆ ನಾಯಿ ಇಡುವುದನ್ನು ಹದೀಸ್ ಬೇರೆಯೇ ಮಾಡಿ ಹೇಳಿದೆ. ಅಂದರೆ ಷೋಕಿಯ ನಾಯಿ ಬೇರೆ, ಅಗತ್ಯದ ನಾಯಿ ಬೇರೆ. ಒಣ ಮೈಗೆ ಒಣ ಮೈ ತಾಗಿದರೆ ನಜಸ್ ಹತ್ತುವುದಿಲ್ಲ ಎಂಬುದೂ ನಮ್ಮ ಕಿತಾಬುಗಳಲ್ಲೇ ಇರುವ ಮಾತು.

ಈ ಭೇದ ಪರದೇಶದಲ್ಲಿ ಕೆಲಸಕ್ಕೆ ಬರುತ್ತದೆ. 2008ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕಣ್ಣು ಕಾಣದ ಒಬ್ಬ ಮುಸ್ಲಿಂ ವಿದ್ಯಾರ್ಥಿ ತನ್ನ ದಾರಿ ತೋರಿಸುವ ನಾಯಿಯೊಂದಿಗೆ ಮಸೀದಿಗೆ ಬರಬೇಕೆಂದು ಕೇಳಿದ. ಅಲ್ಲಿನ ಶರೀಅ ಕೌನ್ಸಿಲ್ ಅದಕ್ಕೆ ಅನುಮತಿ ಕೊಟ್ಟಿತು. ನಮಾಝ್ ಮಾಡುವ ಜಾಗಕ್ಕೆ ನಾಯಿ ಹೋಗುವುದಿಲ್ಲ, ಪ್ರವೇಶದ ಹತ್ತಿರ ಅದಕ್ಕೆಂದು ಮಾಡಿದ ಜಾಗದಲ್ಲಿ ಕೂರುತ್ತದೆ. ಮಸೀದಿಯ ಶುದ್ಧಿಯೂ ಉಳಿಯಿತು, ಹುಡುಗನ ಜಮಾಅತೂ ತಪ್ಪಲಿಲ್ಲ. 2020ರ ಕೊರೋನಾ ಹೊತ್ತಿನಲ್ಲಿ ನಮ್ಮವರು ಇಳಿಯುವ ದುಬೈ ಏರ್‌ಪೋರ್ಟಿನಲ್ಲಿಯೇ ಪ್ರಯಾಣಿಕರ ಕಂಕುಳಿನ ಬೆವರನ್ನು ಪಟ್ಟಿಯಲ್ಲಿ ತೆಗೆದು ಬೇರೆ ಕಡೆ ಇಟ್ಟು ನಾಯಿಗೆ ಮೂಸಿಸಿದರು. ನಾಯಿ ಯಾರ ಮೈಗೂ ತಾಗಲಿಲ್ಲ.

ಬ್ರಿಟನ್ನಿನಲ್ಲಿ ಟ್ಯಾಕ್ಸಿ ಓಡಿಸುವವರು ಸಹಾಯದ ನಾಯಿ ಇರುವವರನ್ನು ಹತ್ತಿಸಿಕೊಳ್ಳದೆ ಹೋದರೆ 2010ರ ಸಮಾನತೆ ಕಾಯ್ದೆಯಲ್ಲಿ ಅಪರಾಧ. ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಪತ್ರ ಪಡೆದವರಿಗೆ ಮಾತ್ರ ಬಿಡುವು. ನಮ್ಮ ಹುಡುಗರು ಅಲ್ಲಿಗೂ ಹೋಗುತ್ತಿದ್ದಾರೆ. ಜಾಕೆಟ್ ಹಾಕಿದ ನಾಯಿಯೊಂದಿಗೆ ಕೈ ತೋರಿಸಿದ ಹೆಂಗಸು ಷೋಕಿಗೆ ನಾಯಿ ಸಾಕಿದವಳಲ್ಲ, ಆ ನಾಯಿ ಇಲ್ಲದಿದ್ದರೆ ದಾರಿಯಲ್ಲಿ ಬಿದ್ದುಹೋಗಬಹುದಾದ ರೋಗಿ ಎಂದು ತಿಳಿದಿದ್ದರೆ ಸಾಕು, ಉಳಿದದ್ದನ್ನು ಸೀಟಿನ ಮೇಲೆ ಒಂದು ಬಟ್ಟೆ ಹಾಸಿ ನೋಡಿಕೊಳ್ಳಬಹುದು. ನಾಳೆ ನಮ್ಮದೇ ಸಮುದಾಯದ ಒಂದು ಮಗುವಿಗೆ ಅಲ್ಲಿನ ಡಾಕ್ಟರ್ ಇಂಥ ನಾಯಿ ಬೇಕು ಎಂದು ಹೇಳಿದರೆ, ಊರಿನಲ್ಲಿ ಕೂತು ಬಾಯಿ ಮಾಡುವ ಮೊದಲು ಆ ತಂದೆತಾಯಿ ಒಬ್ಬ ತಿಳಿದ ಆಲಿಮರನ್ನು ಕೇಳಲಿ, ನಾವು ಸುಮ್ಮನಿರುವ.

ಮನೆಯವರ ಪಾಲಿನ ಕೆಲಸ

ನಮ್ಮ ಮನೆಗೆ ನಾಯಿ ಬರುವುದಿಲ್ಲ. ಸರಿ. ಹಾಗಾದರೆ ಅದರ ಕೆಲಸ ನಮ್ಮ ಹೆಗಲಿಗೆ ಬಂತು. ನಾಯಿ ಏನು ಮಾಡುತ್ತದೆ ಎಂದು ಇನ್ನೊಮ್ಮೆ ನೋಡಿ: ಒಬ್ಬ ವ್ಯಕ್ತಿಯ ಮೇಲೆ ಗಮನ ಇಡುತ್ತದೆ, ಎಂದಿನಂತೆ ಇಲ್ಲ ಎಂದು ಗೊತ್ತಾದ ಕೂಡಲೇ ತಟ್ಟುತ್ತದೆ, ‘ನಂಗೇನೂ ಆಗ್ಲಿಲ್ಲ, ಹೋಗು’ ಎಂದು ದೂಡಿದರೂ ಬಿಡುವುದಿಲ್ಲ. ಇದಕ್ಕೆ ವಿಶೇಷ ಮೂಗು ಬೇಡ.

ನಮ್ಮಲ್ಲಿ ಆಗುವುದೇ ಬೇರೆ. ಉಮ್ಮ ಮಧ್ಯಾಹ್ನ ಸುಮ್ಮಸುಮ್ಮನೆ ಸಿಟ್ಟಾದರೆ ‘ವಯಸ್ಸಾಯ್ತು’ ಅನ್ನುತ್ತೇವೆ. ಉಪ್ಪ ಸುಬಹಿಗೆ ಏಳದೆ ಬೆವರಿ ಮಲಗಿದ್ದರೆ ‘ನಿನ್ನೆ ಸುಸ್ತಾಗಿದ್ದರು, ಮಲಗಲಿ’ ಎಂದು ಬಾಗಿಲು ಮುಚ್ಚುತ್ತೇವೆ. ಹದಿನೈದರ ಹುಡುಗಿ ತೊದಲಿ ಕಣ್ಣು ಮೇಲೆ ಮಾಡಿದರೆ ಜಿನ್ನ್ ಹಿಡಿಯಿತು ಎಂದು ಮಂತ್ರಿಸಿದ ನೀರು ತರಲು ಓಡುತ್ತೇವೆ. ದುಆ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಮೊದಲು ಬೆರಳಿಗೆ ಚುಚ್ಚಿ ಶುಗರ್ ನೋಡಿ. ಮೆಷಿನ್ ಇಲ್ಲದಿದ್ದರೆ, ಎಚ್ಚರ ಇರುವವರಿಗೆ ಲೋ ಆಗಿದೆ ಎಂದೇ ತಿಳಿದು ಸಕ್ಕರೆ ಕೊಡಿ. ಶುಗರ್ ಏರಿದ್ದರೂ ಮೂರು ಚಮಚ ಸಕ್ಕರೆಯಿಂದ ಆ ಹೊತ್ತಿಗೆ ದೊಡ್ಡ ಹಾನಿ ಇಲ್ಲ, ಇಳಿದಿದ್ದರೆ ಜೀವ ಉಳಿಯುತ್ತದೆ.

ಕೊಡುವ ಲೆಕ್ಕವೂ ನೆನಪಿಡಲು ಸುಲಭ: ಹದಿನೈದು ಗ್ರಾಂ, ಹದಿನೈದು ನಿಮಿಷ. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಕಲಸಿ ಕುಡಿಸಿ. ಅರ್ಧ ಲೋಟ ಸಿಹಿ ಶರಬತ್ತೂ ಆಗುತ್ತದೆ. ಹದಿನೈದು ನಿಮಿಷ ಕಾದು ಮತ್ತೆ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ ಕೊಡಿ. ದಾಟಿದ ಮೇಲೆ ಎರಡು ತುಂಡು ಪತ್ತಿರಿಯೋ ಒಂದು ಹಿಡಿ ಅನ್ನವೋ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಚಾಕಲೇಟು ನಂಬಬೇಡಿ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ನೀರು ಕೂಡ. ಅದು ಶ್ವಾಸಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ, ಗಾಡಿ ಕರೆಸಿ, ಆಸ್ಪತ್ರೆಗೆ ಮುಟ್ಟಿಸಿ. ಮಾತ್ರೆಯಿಂದ ಲೋ ಆದವರು ಸುಧಾರಿಸಿದರೂ ಡಾಕ್ಟರಿಗೆ ತೋರಿಸಲೇಬೇಕು, ಗಂಟೆಗಳ ಮೇಲೆ ಮತ್ತೆ ಇಳಿಯುವುದುಂಟು.

ನೋಂಬಿನ ತಿಂಗಳಲ್ಲಿ ಈ ಕಾವಲು ಎರಡು ಪಟ್ಟು ಬೇಕು. 2001ರಲ್ಲಿ 13 ದೇಶಗಳ 12 ಸಾವಿರಕ್ಕೂ ಹೆಚ್ಚು ಶುಗರಿನ ಮುಸ್ಲಿಮರ ಮೇಲೆ ನಡೆದ ಎಪಿಡಿಯಾರ್ ಅಧ್ಯಯನದಲ್ಲಿ, ಉಳಿದ ತಿಂಗಳಿಗಿಂತ ರಮಳಾನಿನಲ್ಲಿ ಗಂಭೀರವಾಗಿ ಲೋ ಆಗುವುದು ಟೈಪ್ 1ರವರಲ್ಲಿ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು, ಟೈಪ್ 2ರವರಲ್ಲಿ ಏಳೂವರೆ ಪಟ್ಟು ಕಂಡಿತ್ತು. ನೋಂಬು ಹಿಡಿಯಬಹುದಾ ಎಂದು ರಮಳಾನಿಗೆ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆಯ ಪ್ರಮಾಣ, ಹೊತ್ತು ಬದಲಿಸಿಕೊಳ್ಳಬೇಕು. ಬೆರಳು ಚುಚ್ಚಿ ರಕ್ತ ನೋಡಿದರೆ ನೋಂಬು ಮುರಿಯುವುದಿಲ್ಲ ಎಂದೇ ವಿದ್ವಾಂಸರು ಹೇಳುತ್ತಾರೆ. 70ಕ್ಕಿಂತ ಇಳಿದರೆ ಇಫ್ತಾರಿಗೆ ಹತ್ತೇ ನಿಮಿಷ ಇದ್ದರೂ ನೋಂಬು ಬಿಡಬೇಕು ಎಂದು ಡಾಕ್ಟರುಗಳ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರೋಗಿಗೆ ರಿಯಾಯಿತಿ ಕೊಟ್ಟದ್ದು ಕುರ್‌ಆನ್. ‘ಇಷ್ಟು ಹೊತ್ತು ಹಿಡಿದೆ, ಇನ್ನು ಸ್ವಲ್ಪ’ ಎಂದು ಹಟ ಹಿಡಿಯುವ ಉಮ್ಮನಿಗೆ ಖರ್ಜೂರ ಬಾಯಿಗೆ ಕೊಡುವ ಧೈರ್ಯ ಮಕ್ಕಳಿಗೆ ಬರಬೇಕು. ಅಷ್ಟು ಹೇಳಲು ಶಅಬಾನಿನ ಒಂದು ಶುಕ್ರವಾರದ ಖುತ್ಬಾ ಸಾಕು. ನಮ್ಮ ಖತೀಬರು ಅದನ್ನು ಹೇಳಬೇಕೆಂದು ನಾವು ಕೇಳಿಕೊಳ್ಳುತ್ತೇವೆ.

ಜಮಾಅತುಗಳಿಗೂ ಒಂದು ಮಾತು. ರಕ್ತದಾನ ಶಿಬಿರ ನಡೆಸುತ್ತೇವೆ, ಆ್ಯಂಬುಲೆನ್ಸ್ ಇಟ್ಟಿದ್ದೇವೆ. ಅದೇ ಶಿಬಿರದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯ ಹೆಂಗಸರನ್ನು, ಮಕ್ಕಳನ್ನು ಕೂರಿಸಿ ಒಂದು ಗಂಟೆ ಲೋ ಆದರೆ ಏನು ಮಾಡುವುದು ಎಂದು ಕಲಿಸಬಹುದು. ಮೆಷಿನ್ ಒಂದು ಸಲದ ಖರ್ಚು, ಅದರ ಪಟ್ಟಿ ತಿಂಗಳು ತಿಂಗಳ ಖರ್ಚು. ಬಡವರ ಮನೆಗಳಿಗೆ ಆ ಪಟ್ಟಿ ಒದಗಿಸುವುದೂ ಸ್ವದಕವೇ. ಟೈಪ್ 1 ಇರುವ ಮಕ್ಕಳ ಮದ್ರಸದ ಉಸ್ತಾದರಿಗೆ ವಿಷಯ ಗೊತ್ತಿರಬೇಕು. ಅವರ ಮೇಜಿನ ಖಾನೆಯಲ್ಲಿ ಒಂದು ಪೊಟ್ಟಣ ಗ್ಲೂಕೋಸ್ ಇರಬೇಕು. ಅನೇಕ ತಂದೆತಾಯಿಗಳು ಹುಡುಗಿಗೆ ನಾಳೆ ಸಂಬಂಧ ಬರುವುದಿಲ್ಲ ಎಂದು ಕಾಯಿಲೆ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮನೆಯಲ್ಲಿ ಹುಡುಗಿ ಮದ್ರಸದಲ್ಲೋ ಹಾಸ್ಟೆಲಿನಲ್ಲೋ ಕುಸಿದರೆ ಏನು ಕೊಡಬೇಕು ಎಂದು ಒಬ್ಬರಿಗೂ ಗೊತ್ತಿರುವುದಿಲ್ಲ. ಆ ಹುಡುಗಿಯ ಜೀವಕ್ಕಿಂತ ಸಂಬಂಧ ದೊಡ್ಡದಾ?

ನಾಯಿಗೆ ಈ ಕೆಲಸ ಕಲಿಸಲು ಎರಡು ವರ್ಷ ಬೇಕು. ನಮಗೆ ಒಂದು ಮಧ್ಯಾಹ್ನ ಸಾಕು. ಮನೆಯಲ್ಲಿ ಇನ್ಸುಲಿನ್ ಅಥವಾ ಆ ಮಾತ್ರೆ ತೆಗೆದುಕೊಳ್ಳುವವರು ಯಾರು ಎಂದು ನೋಡಿ. ಅವರ ಮಂಚದ ಪಕ್ಕ ಸಕ್ಕರೆ ಡಬ್ಬಿ ಇಡಿ. ರಾತ್ರಿ ಮಲಗುವ ಮೊದಲು ಶುಗರ್ ನೋಡಿ ಚೀಟಿಯಲ್ಲಿ ಬರೆಯಿರಿ. ಸುಬಹಿಗೆ ಎದ್ದವರು ಅವರ ಹಣೆ ಮುಟ್ಟಿ, ಹೆಸರು ಹಿಡಿದು ಕರೆದು, ಉತ್ತರ ಬರುವ ತನಕ ಅಲ್ಲಿಂದ ಕದಲಬೇಡಿ.